ಬರೆದ ಗೆರೆಯ ಮೇಲೇ ಲೆಕ್ಕ: ಸ್ಪ್ಲೈನ್ ವಿಶ್ಲೇಷಣೆ ಕುರಿತು ಓದುಗರ ಪ್ರಶ್ನೆಗಳು

ಕ್ಯಾಡ್‌ನಲ್ಲಿ (ಕಂಪ್ಯೂಟರ್ ವಿನ್ಯಾಸದ ಸಾಫ್ಟ್‌ವೇರ್) ಆಕಾರ ಬರೆಯುವ ಸ್ಪ್ಲೈನ್‌ಗಳನ್ನೇ, ಅಂದರೆ ಬಹುಪದಿ ತುಂಡುಗಳನ್ನು ನಯವಾಗಿ ಬೆಸೆದ ಗೆರೆ, ಮೇಲ್ಮೈಗಳನ್ನೇ, ಬಲ, ಬಾಗು, ಕಂಪನಗಳ ಲೆಕ್ಕಕ್ಕೂ ಬಳಸುವ ವಿಧಾನಕ್ಕೆ ಐಸೋಜಿಯೊಮೆಟ್ರಿಕ್ ಅನಾಲಿಸಿಸ್ ಎಂದು ಹೆಸರು. ಬಳಕೆಯಲ್ಲಿ ಐಜಿಎ. ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಶೀಟ್ ಮೆಟಲ್ ಬಿಡಿಭಾಗಗಳ ವಿನ್ಯಾಸ ನನ್ನ ಕೆಲಸ. ಫಿಲೆಟ್ (ಮೂಲೆಯ ದುಂಡು ಬಾಗು) ರೇಡಿಯಸ್ 6 ಮಿ.ಮೀ.ಯಿಂದ 8ಕ್ಕೆ ಬದಲಾದರೂ ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಒಡೆದ ಚಿಕ್ಕ ತುಂಡುಗಳ ಜಾಲ) ಮೊದಲಿನಿಂದ ಮಾಡಬೇಕು. ಐಜಿಎ ಬಂದರೆ ಮೆಶ್ ಕೆಲಸವೇ ಇರುವುದಿಲ್ಲ ಎನ್ನುತ್ತಾರೆ. ನಿಜವೇ?
– ಡಿಸೈನ್ ಎಂಜಿನಿಯರ್, ಬೆಳಗಾವಿ

ಉತ್ತರ: ಅರ್ಧ ನಿಜ. ಆಕಾರವನ್ನು ಚೂರುಚೂರಾಗಿ ಒಡೆದು ಇನ್ನೊಂದು ರೂಪದಲ್ಲಿ ಮತ್ತೆ ಕಟ್ಟುವ ಕೆಲಸ ಹೋಗುತ್ತದೆ. ಆಕಾರವನ್ನು ಲೆಕ್ಕಕ್ಕೆ ಒಗ್ಗುವಂತೆ ಅಣಿಗೊಳಿಸುವ ಕೆಲಸ ಉಳಿಯುತ್ತದೆ.

ಆಕಾರವನ್ನು ಎಲಿಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ 1950ರ ದಶಕದಲ್ಲಿ ವಿಮಾನದ ರಚನೆಗಳ ಲೆಕ್ಕಕ್ಕಾಗಿ ಹುಟ್ಟಿತು. ಸ್ಪ್ಲೈನ್ ಆಧಾರಿತ ಕ್ಯಾಡ್ ಬಂದದ್ದು ಕಾರು ಕಾರ್ಖಾನೆಗಳಿಂದ: ಸಿತ್ರೋಯೆನ್‌ನಲ್ಲಿ ಪಾಲ್ ದ ಕಾಸ್ತೆಲ್ಜೊ, ರೆನೋದಲ್ಲಿ ಪಿಯರ್ ಬೆಜಿಯೆ. 1972ರಲ್ಲಿ ಕಾರ್ಲ್ ಡಿ ಬೋರ್ ಮತ್ತು ಕಾಕ್ಸ್ ಬಿ-ಸ್ಪ್ಲೈನ್‌ಗಳನ್ನು ಸುರಕ್ಷಿತವಾಗಿ ಲೆಕ್ಕ ಹಾಕುವ ಸೂತ್ರ ಕೊಟ್ಟರು. ವಿಶ್ಲೇಷಣೆ ಮತ್ತು ಕ್ಯಾಡ್ ಎರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದುದರಿಂದ ಒಂದೇ ಭಾಗಕ್ಕೆ ಎರಡು ವಿವರಣೆಗಳು ಹುಟ್ಟಿಕೊಂಡವು. ನಡುವಿನ ಅನುವಾದಕ್ಕೆ ಮೆಶಿಂಗ್ ಎಂದು ಹೆಸರಾಯಿತು. ವಾಹನ, ವಿಮಾನ, ಹಡಗು ಉದ್ಯಮಗಳಲ್ಲಿ ಒಟ್ಟು ವಿಶ್ಲೇಷಣೆಯ ಸಮಯದಲ್ಲಿ ಸುಮಾರು ಶೇ 80ರಷ್ಟು ಈ ಅನುವಾದಕ್ಕೇ ಹೋಗುತ್ತದೆ ಎಂಬ ಅಂದಾಜನ್ನು ಮುಂದಿಟ್ಟುಕೊಂಡೇ ಟೆಕ್ಸಾಸ್ ವಿಶ್ವವಿದ್ಯಾಲಯ, ಆಸ್ಟಿನ್‌ನ ಥಾಮಸ್ ಹ್ಯೂಸ್, ಕಾಟ್ರೆಲ್ ಮತ್ತು ಬಾಜಿಲೆವ್ಸ್ 2005ರಲ್ಲಿ ಐಜಿಎ ಪ್ರಬಂಧ ಪ್ರಕಟಿಸಿದರು.

ನಿಮ್ಮ ಫಿಲೆಟ್‌ಗೆ ಬರೋಣ. ರೇಡಿಯಸ್ ಬದಲಾದಾಗ ಕ್ಯಾಡ್‌ನಲ್ಲಿ ಬದಲಾಗುವುದು ಸ್ಪ್ಲೈನ್‌ನ ಆಕಾರವನ್ನು ಎಳೆದು ಹಿಡಿಯುವ ಕಂಟ್ರೋಲ್ ಪಾಯಿಂಟ್‌ಗಳ ಸ್ಥಾನ ಮಾತ್ರ. ಮೇಲ್ಮೈಗಳ ಸಂಖ್ಯೆ, ಜೋಡಣೆ, ನಾಟ್ ವೆಕ್ಟರ್ (ಸ್ಪ್ಲೈನ್‌ನ ತುಂಡುಗಳು ಎಲ್ಲೆಲ್ಲಿ ಕೂಡುತ್ತವೆಂದು ಹೇಳುವ ಸಂಖ್ಯೆಗಳ ಸಾಲು) ಹಾಗೆಯೇ ಇದ್ದರೆ ಲೋಡ್, ಬೌಂಡರಿ ಕಂಡೀಷನ್ (ಅಂಚುಗಳನ್ನು ಹಿಡಿದಿರುವ ಷರತ್ತು), ದಪ್ಪ ಎಲ್ಲವೂ ಹಿಂದಿನ ಅಂಚುಗಳಿಗೇ ಅಂಟಿಕೊಂಡಿರುತ್ತವೆ. ಸಮೀಕರಣಗಳನ್ನು ಬಿಡಿಸುವ ಸಾಲ್ವರ್ ಮತ್ತೆ ಓಡಿಸಿದರೆ ಸಾಕು. ಹೊಸ ರಂಧ್ರ ಕೊರೆದರೆ, ಒಂದು ಅಂಚು ಮಾಯವಾದರೆ, ಜೋಡಣೆಯೇ ಬದಲಾಗುತ್ತದೆ. ಆಗ ಅಲ್ಲಿನ ತಯಾರಿ ಹೊಸದಾಗಿ ಆಗಬೇಕು.

ನಿಖರತೆಯ ಲಾಭವನ್ನೂ ಗಮನಿಸಿ. 50 ಮಿ.ಮೀ. ತ್ರಿಜ್ಯದ ಬಾಗನ್ನು 10 ಡಿಗ್ರಿಗೊಂದರಂತೆ ಚಪ್ಪಟೆ ಎಲಿಮೆಂಟ್‌ಗಳಿಂದ ಕಟ್ಟಿದರೆ ಪ್ರತಿ ಎಲಿಮೆಂಟಿನ ನಡುವೆ ಮೇಲ್ಮೈ 0.19 ಮಿ.ಮೀ. ಒಳಗೆ ಬೀಳುತ್ತದೆ. 1 ಮಿ.ಮೀ. ತಗಡಿನ ಬಕ್ಲಿಂಗ್ (ಒತ್ತಿದಾಗ ಥಟ್ಟನೆ ಮಡಚಿ ಕುಸಿಯುವುದು) ಲೆಕ್ಕದಲ್ಲಿ ಇದು ಸಣ್ಣದಲ್ಲ, ಏಕೆಂದರೆ ತೆಳುವಾದ ಶೆಲ್ (ಹಾಳೆಯಂಥ ರಚನೆ) ಕುಸಿಯುವ ಲೋಡ್ ದಪ್ಪದ ಒಂದು ಪಾಲಿನಷ್ಟು ಆಕಾರದೋಷಕ್ಕೂ ಸ್ಪಂದಿಸುತ್ತದೆ. ಡೈ ಮೇಲೆ ತಗಡು ಜಾರುವ ಲೆಕ್ಕದಲ್ಲೂ ಹಾಗೆಯೇ. ಚಪ್ಪಟೆ ಮುಖಗಳ ನಡುವೆ ನಾರ್ಮಲ್ ದಿಕ್ಕು (ಮೇಲ್ಮೈಗೆ ಲಂಬವಾದ ದಿಕ್ಕು) ಥಟ್ಟನೆ ಬದಲಾಗಿ ಸಂಪರ್ಕಬಲ ಏರಿಳಿಯುತ್ತದೆ; ಸ್ಪ್ಲೈನ್ ಮೇಲ್ಮೈಯಲ್ಲಿ ದಿಕ್ಕು ನಯವಾಗಿ ತಿರುಗುತ್ತದೆ.

ಪ್ರಶ್ನೆ: ಸಾಮಾನ್ಯ ಬಹುಪದಿಗಳು ಸಾಲದೆ ನರ್ಬ್ಸ್‌ನಲ್ಲಿ (ಕ್ಯಾಡ್ ಬಳಸುವ ಸ್ಪ್ಲೈನ್ ಬಗೆ) ಪ್ರತಿ ಕಂಟ್ರೋಲ್ ಪಾಯಿಂಟ್‌ಗೆ ‘ವೆಯ್ಟ್’ ಎಂಬ ಸಂಖ್ಯೆ ಏಕೆ ಬೇಕು? ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ತೋರಿಸುವಂಥ ಉದಾಹರಣೆ ಕೊಡಿ.
– ಪಾಲಿಟೆಕ್ನಿಕ್ ಉಪನ್ಯಾಸಕಿ, ದಾವಣಗೆರೆ

ಉತ್ತರ: ವೃತ್ತವನ್ನು ಯಾವ ಬಹುಪದಿಯೂ ನಿಖರವಾಗಿ ಬರೆಯಲಾರದು. ಎರಡು ಬಹುಪದಿಗಳ ಭಾಗಾಕಾರ ಬರೆಯಬಲ್ಲದು. ಆ ಭಾಗಾಕಾರದ ಛೇದವನ್ನು ಒದಗಿಸುವುದೇ ವೆಯ್ಟ್.

ಕಾಲು ವೃತ್ತ ತೆಗೆದುಕೊಳ್ಳಿ. ತ್ರಿಜ್ಯ 1, ಡಿಗ್ರಿ (ಬಹುಪದಿಯ ಘಾತ) 2, ನಾಟ್ ವೆಕ್ಟರ್ 0, 0, 0, 1, 1, 1. ಕಂಟ್ರೋಲ್ ಪಾಯಿಂಟ್‌ಗಳು (1, 0), (1, 1), (0, 1). ವೆಯ್ಟ್‌ಗಳು 1, 0.7071, 1. ನಟ್ಟನಡುವೆ, ಅಂದರೆ ಗೆರೆಯುದ್ದಕ್ಕೂ 0ಯಿಂದ 1ರವರೆಗೆ ಸಾಗುವ ಪ್ಯಾರಾಮೀಟರ್ 0.5 ಇರುವಲ್ಲಿ, ಮೂರು ಬೇಸಿಸ್ ಬೆಲೆಗಳು (ಪ್ರತಿ ಕಂಟ್ರೋಲ್ ಪಾಯಿಂಟ್‌ನ ಪ್ರಭಾವದ ಪಾಲು) 0.25, 0.5, 0.25. ಛೇದ: 0.25 + 0.5 × 0.7071 + 0.25 = 0.8536. ಅಡ್ಡ ನಿರ್ದೇಶಾಂಕದ ಅಂಶ: 0.25 + 0.3536 = 0.6036. ಭಾಗಿಸಿದರೆ 0.7071. ಲಂಬ ನಿರ್ದೇಶಾಂಕವೂ ಅಷ್ಟೇ, ಆದ್ದರಿಂದ ಬಿಂದು ಸರಿಯಾಗಿ ವೃತ್ತದ ಮೇಲಿದೆ. ಈಗ ನಡುವಿನ ವೆಯ್ಟನ್ನು 1 ಮಾಡಿ: ಬಿಂದು (0.75, 0.75)ಕ್ಕೆ ಹೋಗುತ್ತದೆ, ತ್ರಿಜ್ಯ 1.0607 ಆಗುತ್ತದೆ, ಶೇ 6ರಷ್ಟು ಉಬ್ಬು. ನಡುವಿನ ನೋಡನ್ನು (ಎಲಿಮೆಂಟಿನ ಗುರುತುಬಿಂದು) ವೃತ್ತದ ಮೇಲೇ ಇಟ್ಟ ಸಾಮಾನ್ಯ ಮೂರು ನೋಡ್ ಎಲಿಮೆಂಟ್ ಕೂಡ ಕಾಲುಭಾಗದ ಬಿಂದುವಿನಲ್ಲಿ 0.992 ತ್ರಿಜ್ಯ ಕೊಡುತ್ತದೆ.

ಕಮಾನಿನ ಕೋನ ಬೇರೆಯಾದರೆ ನಡುವಿನ ವೆಯ್ಟ್ ಅರ್ಧಕೋನದ ಕೊಸೈನ್. 80 ಡಿಗ್ರಿಯ ಕಮಾನಿಗೆ ಕೊಸೈನ್ 40, ಅಂದರೆ 0.7660. ಈ ಸಂಖ್ಯೆ ಮುಂದೆ ಮತ್ತೆ ಬೇಕಾಗುತ್ತದೆ.

ಪ್ರಶ್ನೆ: ಐಜಿಎ ಕೋಡನ್ನು ನಾನೇ ಬರೆದು ಕಲಿಯಬೇಕೆಂದಿದ್ದೇನೆ. ಮೊದಲ ಸಮಸ್ಯೆ ಯಾವುದು? ಉತ್ತರ ಸರಿಯೆಂದು ತಿಳಿಯುವುದು ಹೇಗೆ?
– ಎಂ.ಟೆಕ್ ವಿದ್ಯಾರ್ಥಿ, ಮೈಸೂರು

ಉತ್ತರ: ವೃತ್ತಾಕಾರದ ರಂಧ್ರವಿರುವ ತಗಡನ್ನು ಒಂದು ದಿಕ್ಕಿನಲ್ಲಿ ಎಳೆಯುವ ಸಮಸ್ಯೆಯಿಂದ ಶುರುಮಾಡಿ. ಅದಕ್ಕೆ ಕಿರ್ಷ್ ಎಂಬ ಎಂಜಿನಿಯರ್ ಕೊಟ್ಟ ನಿಖರ ಪರಿಹಾರವಿದೆ, ರಂಧ್ರ ವೃತ್ತವಾದ್ದರಿಂದ ವೆಯ್ಟ್‌ಗಳೂ ಪರೀಕ್ಷೆಗೆ ಒಳಗಾಗುತ್ತವೆ. 2005ರ ಪ್ರಬಂಧದಲ್ಲೂ ಇದೇ ಪರೀಕ್ಷೆ ಇದೆ.

ಸಮಮಿತಿಯಿಂದಾಗಿ ಎಡಮೇಲಿನ ಕಾಲುಭಾಗ ಸಾಕು. ರಂಧ್ರದ ತ್ರಿಜ್ಯ 1, ಕಾಲುಭಾಗದ ಬದಿ 4, ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಗಟ್ಟಿತನ) 1,00,000, ಪಾಯ್ಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಕುಗ್ಗುವ ಪಾಲು) 0.3, ದೂರದ ಎಳೆತ 10, ಪ್ಲೇನ್ ಸ್ಟ್ರೆಸ್ (ದಪ್ಪದ ದಿಕ್ಕಿನ ಒತ್ತಡ ಸೊನ್ನೆ). ಎರಡೂ ದಿಕ್ಕಿನಲ್ಲಿ ಡಿಗ್ರಿ 2. ರಂಧ್ರವನ್ನು ಸುತ್ತುವ ದಿಕ್ಕಿನ ನಾಟ್ ವೆಕ್ಟರ್ 0, 0, 0, 0.5, 1, 1, 1. ರಂಧ್ರದಿಂದ ಹೊರಕ್ಕೆ ಹೋಗುವ ದಿಕ್ಕಿನದು 0, 0, 0, 1, 1, 1. ನಾಟ್‌ಗಳ ಸಂಖ್ಯೆ ಯಾವಾಗಲೂ ಕಂಟ್ರೋಲ್ ಪಾಯಿಂಟ್‌ಗಳು + ಡಿಗ್ರಿ + 1. ಆದ್ದರಿಂದ ಮೊದಲ ದಿಕ್ಕಿನಲ್ಲಿ 4, ಎರಡನೆಯದರಲ್ಲಿ 3, ಒಟ್ಟು 12 ಕಂಟ್ರೋಲ್ ಪಾಯಿಂಟ್, 2 ಎಲಿಮೆಂಟ್.

ರಂಧ್ರದ ಮೇಲಿನ ಸಾಲು: (−1, 0), (−1, 0.4142), (−0.4142, 1), (0, 1); ವೆಯ್ಟ್ 1, 0.8536, 0.8536, 1. ನಡುವಿನ ಸಾಲು: (−2.5, 0), (−2.5, 0.75), (−0.75, 2.5), (0, 2.5). ಹೊರಸಾಲು: (−4, 0), (−4, 4), (−4, 4), (0, 4). ಈ ಎರಡು ಸಾಲುಗಳ ವೆಯ್ಟ್ ಎಲ್ಲವೂ 1.

0.8536 ಮತ್ತು 0.4142 ಎಲ್ಲಿಂದ ಬಂದವು ಎಂಬುದನ್ನು ಕೈಯಾರೆ ಮಾಡಿ ನೋಡಿ. ಮೇಲಿನ ಉತ್ತರದ ಕಾಲು ವೃತ್ತಕ್ಕೆ 0.5ರಲ್ಲಿ ಒಂದು ನಾಟ್ ಸೇರಿಸಿದರೆ ಅಕ್ಕಪಕ್ಕದ ಪಾಯಿಂಟ್‌ಗಳ ಸರಾಸರಿಯೇ ಹೊಸ ಪಾಯಿಂಟ್. ಆದರೆ ಸರಾಸರಿ ತೆಗೆಯುವ ಮೊದಲು ನಿರ್ದೇಶಾಂಕಗಳನ್ನು ವೆಯ್ಟ್‌ನಿಂದ ಗುಣಿಸಿರಬೇಕು, ಕೊನೆಗೆ ಹೊಸ ವೆಯ್ಟ್‌ನಿಂದ ಭಾಗಿಸಬೇಕು. ಹೊಸ ವೆಯ್ಟ್ (1 + 0.7071) ÷ 2 = 0.8536, ಲಂಬ ನಿರ್ದೇಶಾಂಕ 0.3536 ÷ 0.8536 = 0.4142. ಗುಣಿಸದೆ ನೇರ ಸರಾಸರಿ ತೆಗೆದರೆ 0.5 ಬರುತ್ತದೆ, ವೃತ್ತ ಕೆಡುತ್ತದೆ. ಹೊಸಬರ ಕೋಡ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಚಿತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ನಾಟ್ ಸೇರಿಸಿದ ಮೇಲೆ ಹತ್ತಾರು ಬಿಂದುಗಳಲ್ಲಿ ತ್ರಿಜ್ಯ ಅಳೆಯಿರಿ. ಕಂಪ್ಯೂಟರಿನ ನಿಖರತೆಯ ಮಟ್ಟಕ್ಕೆ 1 ಬರಲೇಬೇಕು.

ಇನ್ನು ಲೆಕ್ಕ. ಪ್ರತಿ ಎಲಿಮೆಂಟಿನಲ್ಲಿ, ಪ್ರತಿ ದಿಕ್ಕಿಗೆ ಡಿಗ್ರಿ + 1, ಅಂದರೆ 3 × 3 ಗಾಸ್ ಬಿಂದುಗಳು (ಬೆಲೆ ಅಳೆದು ಕೂಡಿಸುವ ಮಾದರಿ ಬಿಂದುಗಳು). ಇಲ್ಲಿ ಎರಡು ಜಾಕೋಬಿಯನ್‌ಗಳಿವೆ (ಒಂದು ತಲದಿಂದ ಇನ್ನೊಂದಕ್ಕೆ ಹೋದಾಗ ವಿಸ್ತೀರ್ಣ ಬದಲಾಗುವ ಪ್ರಮಾಣ) ಎಂಬುದನ್ನು ಮರೆಯಬೇಡಿ: −1ರಿಂದ 1ರವರೆಗಿನ ಗಾಸ್ ಚೌಕದಿಂದ ನಾಟ್ ಅಂತರಕ್ಕೆ ಒಂದು, ಅಲ್ಲಿಂದ ನಿಜವಾದ ತಗಡಿಗೆ ಇನ್ನೊಂದು. ಮೊದಲನೆಯದರ ಬೆಲೆ ಇಲ್ಲಿ 0.25 × 0.5 = 0.125. ಸ್ಟಿಫ್‌ನೆಸ್ (ಗಟ್ಟಿತನದ ಮ್ಯಾಟ್ರಿಕ್ಸ್) ಜೋಡಿಸುವ ಮೊದಲು ವಿಸ್ತೀರ್ಣವನ್ನಷ್ಟೇ ಕೂಡಿಸಿ ನೋಡಿ. 16ರಿಂದ ಕಾಲು ವೃತ್ತ ಕಳೆದರೆ 15.2146. ಬೇಸಿಸ್ ಭಾಗಾಕಾರವಾದ್ದರಿಂದ ಮೊದಲ ಮೆಶ್‌ನಲ್ಲಿ ಕೊನೆಯ ಅಂಕೆಗಳು ತುಸು ಅತ್ತಿತ್ತ ಇರಬಹುದು, ನಾಟ್ ಸೇರಿಸಿದಂತೆ ಕೂಡಿಕೊಳ್ಳುತ್ತದೆ. 121.7ರ ಸುತ್ತ ಬಂದರೆ ಮೊದಲ ಜಾಕೋಬಿಯನ್ ಬಿಟ್ಟುಹೋಗಿದೆ ಎಂದರ್ಥ. ಪ್ರತಿ ಗಾಸ್ ಬಿಂದುವಿನಲ್ಲಿ ಬೇಸಿಸ್‌ಗಳ ಮೊತ್ತ 1, ಅವುಗಳ ಡೆರಿವೇಟಿವ್‌ಗಳ ಮೊತ್ತ 0 ಬರಬೇಕು. ಭಾಗಾಕಾರದ ನಿಯಮದಿಂದ ಬರುವ ಎರಡನೇ ಪದ ಬಿಟ್ಟುಹೋದರೆ ಈ ಎರಡನೇ ಪರೀಕ್ಷೆ ಹಿಡಿದುಕೊಡುತ್ತದೆ.

ಬೌಂಡರಿ: ಕೆಳಗಂಚಿನ ಸಾಲಿಗೆ ಲಂಬ ಸ್ಥಳಾಂತರ ಸೊನ್ನೆ, ಬಲ ಅಂಚಿನ ಸಾಲಿಗೆ ಅಡ್ಡ ಸ್ಥಳಾಂತರ ಸೊನ್ನೆ. ಸೊನ್ನೆಯನ್ನು ಕಂಟ್ರೋಲ್ ಪಾಯಿಂಟ್‌ಗೆ ನೇರವಾಗಿ ಕೊಡಬಹುದು. ಸೊನ್ನೆಯಲ್ಲದ, ಅಂಚಿನುದ್ದಕ್ಕೂ ಬದಲಾಗುವ ಬೆಲೆಯನ್ನು ಹಾಗೆ ಕೊಡಬಾರದು, ಏಕೆಂದರೆ ಒಳಗಿನ ಕಂಟ್ರೋಲ್ ಪಾಯಿಂಟ್‌ಗಳು ಸಾಮಾನ್ಯವಾಗಿ ಅಂಚಿನ ಮೇಲೆ ಇರುವುದಿಲ್ಲ. ಅದಕ್ಕೆ ಲೀಸ್ಟ್ ಸ್ಕ್ವೇರ್ಸ್ ಪ್ರೊಜೆಕ್ಷನ್ ಬೇಕು. ಎಡ ಮತ್ತು ಮೇಲಂಚಿಗೆ ಕಿರ್ಷ್ ಪರಿಹಾರದಿಂದ ಬರುವ ಒತ್ತಡವನ್ನೇ ಹೇರಿ. ಎಡಕ್ಕೆ ಸುಮ್ಮನೆ 10 ಹೇರಿ ಮೇಲಂಚನ್ನು ಮುಕ್ತವಾಗಿ ಬಿಟ್ಟರೆ ಅದು ಸಣ್ಣ ತಗಡಿನ ಸಮಸ್ಯೆಯಾಗುತ್ತದೆ, ಗರಿಷ್ಠ ಒತ್ತಡ 30ಕ್ಕಿಂತ ಹೆಚ್ಚು ಬರುತ್ತದೆ, ನೀವು ಇಲ್ಲದ ತಪ್ಪನ್ನು ಕೋಡಿನಲ್ಲಿ ಹುಡುಕುತ್ತ ಕೂರುತ್ತೀರಿ.

ಬರಬೇಕಾದ ಬೆಲೆಗಳು: (0, 1) ಬಿಂದುವಿನಲ್ಲಿ ಎಳೆತದ ದಿಕ್ಕಿನ ಒತ್ತಡ 30, (−1, 0)ದಲ್ಲಿ ಲಂಬ ದಿಕ್ಕಿನ ಒತ್ತಡ −10. ಎರಡು ಎಲಿಮೆಂಟ್‌ಗಳಲ್ಲಿ ಇದು ಬರುವುದಿಲ್ಲ. ನಾಟ್ ಅಂತರಗಳನ್ನು ಅರ್ಧ ಮಾಡುತ್ತ ಹೋಗಿ. ಒತ್ತಡದ ಒಟ್ಟು ದೋಷ ಪ್ರತಿ ಸಲ ಡಿಗ್ರಿ 2ರಲ್ಲಿ ಸುಮಾರು ಕಾಲು ಭಾಗಕ್ಕೆ, ಡಿಗ್ರಿ 3ರಲ್ಲಿ ಎಂಟನೇ ಒಂದಕ್ಕೆ ಇಳಿಯಬೇಕು. ಒಂದು ಮೆಶ್‌ನ ಉತ್ತರ ಚೆನ್ನಾಗಿ ಕಂಡದ್ದಕ್ಕಿಂತ ಈ ಇಳಿಕೆಯ ವೇಗವೇ ನಂಬತಕ್ಕ ಸಾಕ್ಷಿ. (−4, 4) ಮೂಲೆಯಲ್ಲಿ ಎರಡು ಕಂಟ್ರೋಲ್ ಪಾಯಿಂಟ್ ಒಂದರ ಮೇಲೊಂದು ಕೂತಿರುವುದರಿಂದ ಅಲ್ಲಿ ಜಾಕೋಬಿಯನ್ ಸೊನ್ನೆ. ಗಾಸ್ ಬಿಂದುಗಳು ಮೂಲೆಯ ಮೇಲೆ ಬೀಳದ ಕಾರಣ ಲೆಕ್ಕ ನಡೆಯುತ್ತದೆ, ಆದರೆ ಅಲ್ಲಿ ಒತ್ತಡದ ಚಿತ್ರ ಬಿಡಿಸಲು ಹೋದರೆ ಸೊನ್ನೆಯಿಂದ ಭಾಗಾಕಾರ ಎದುರಾಗುತ್ತದೆ.

ಪ್ರಶ್ನೆ: ಸ್ಕೋರ್ಡೆಲಿಸ್-ಲೊ ಛಾವಣಿಯ ಪರೀಕ್ಷೆಯಲ್ಲಿ (ಭಾರಕ್ಕೆ ಬಾಗುವ ಕಮಾನು ಛಾವಣಿಯ ಮಾದರಿ ಲೆಕ್ಕ) ನನ್ನ ಕಿರ್ಚಾಫ್-ಲವ್ (ಅಡ್ಡ ಶಿಯರ್ ಬಿಟ್ಟ ತೆಳು ಶೆಲ್ ಸಿದ್ಧಾಂತ) ಶೆಲ್ ಕೋಡ್ ತೀರಾ ಗಟ್ಟಿಯಾಗಿ ವರ್ತಿಸುತ್ತಿದೆ. ಕಾಲುಭಾಗವನ್ನಷ್ಟೇ ಮಾಡೆಲ್ ಮಾಡಿದ್ದೇನೆ. ಎಲ್ಲಿ ನೋಡಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಮೊದಲು ಕಾಲುಭಾಗ ಬಿಟ್ಟು ಪೂರ್ತಿ ಛಾವಣಿ ಮಾಡಿ. ತ್ರಿಜ್ಯ 25, ಉದ್ದ 50, ದಪ್ಪ 0.25, ನೆತ್ತಿಯಿಂದ ಎರಡೂ ಕಡೆಗೆ 40 ಡಿಗ್ರಿ, ಮಾಡ್ಯುಲಸ್ 4.32 × 10⁸, ಪಾಯ್ಸನ್ ಅನುಪಾತ ಸೊನ್ನೆ. ಭಾರ ಮೇಲ್ಮೈಯ ಪ್ರತಿ ಏಕಮಾನ ವಿಸ್ತೀರ್ಣಕ್ಕೆ 90, ನೇರ ಕೆಳಕ್ಕೆ. ಮೇಲ್ಮೈಗೆ ಲಂಬವಾಗಿಯೂ ಅಲ್ಲ, ನೆಲದ ಮೇಲಿನ ನೆರಳಿನ ವಿಸ್ತೀರ್ಣಕ್ಕೂ ಅಲ್ಲ. 80 ಡಿಗ್ರಿ ಕಮಾನಿಗೆ ನಡುವಿನ ವೆಯ್ಟ್ 0.7660 ಎಂದು ಆಗಲೇ ಹೇಳಿದೆವು. ನಡುವಿನ ಕಂಟ್ರೋಲ್ ಪಾಯಿಂಟ್ ವೃತ್ತದ ಕೇಂದ್ರದಿಂದ 25 ÷ 0.7660 = 32.64 ಎತ್ತರದಲ್ಲಿರಬೇಕು. ಎರಡು ಕಮಾನು ತುದಿಗಳಲ್ಲಿ ಅಡ್ಡ ಮತ್ತು ಲಂಬ ಸ್ಥಳಾಂತರ ಸೊನ್ನೆ, ಉದ್ದದ ದಿಕ್ಕಿಗೆ ಮುಕ್ತ. ಆದರೆ ಇಡೀ ಛಾವಣಿ ಉದ್ದಕ್ಕೆ ಜಾರದಂತೆ ಒಂದು ಪಾಯಿಂಟನ್ನು ಮಾತ್ರ ಆ ದಿಕ್ಕಿನಲ್ಲಿ ಹಿಡಿಯಿರಿ. ಮುಕ್ತ ಅಂಚಿನ ನಡುವಿನ ಲಂಬ ಇಳಿತಕ್ಕೆ ಎಲ್ಲರೂ ಹೋಲಿಸುವ ಬೆಲೆ 0.3024. ಅಡ್ಡ ಶಿಯರ್ ಲೆಕ್ಕಕ್ಕೆ ತೆಗೆದುಕೊಳ್ಳದ ನಿಮ್ಮ ಶೆಲ್ 0.3006ರ ಸುತ್ತ ನಿಲ್ಲುತ್ತದೆ. ಅದು ತಪ್ಪಲ್ಲ.

ಪೂರ್ತಿ ಛಾವಣಿ ಸರಿ ಬಂದು ಕಾಲುಭಾಗ ಕೆಟ್ಟರೆ ದೋಷ ಸಮಮಿತಿಯ ಷರತ್ತಿನಲ್ಲಿದೆ. ಈ ಶೆಲ್‌ನಲ್ಲಿ ತಿರುಗುವಿಕೆ ಎಂಬ ಪ್ರತ್ಯೇಕ ಅಜ್ಞಾತವಿಲ್ಲ. ಅಂಚಿನ ತಿರುಗುವಿಕೆಯನ್ನು ನಿರ್ಧರಿಸುವುದು ಅಂಚಿನ ಮೊದಲ ಎರಡು ಕಂಟ್ರೋಲ್ ಪಾಯಿಂಟ್ ಸಾಲುಗಳು. ಅಂಚನ್ನು ಪೂರ್ತಿ ಬಿಗಿಯಬೇಕಾದರೆ ಎರಡೂ ಸಾಲುಗಳನ್ನು ಹಿಡಿಯಬೇಕು. ಸಮಮಿತಿಗೆ ಹಾಗಲ್ಲ: ಮೊದಲ ಸಾಲಿಗೆ ಸಮಮಿತಿ ಸಮತಲಕ್ಕೆ ಲಂಬವಾದ ಸ್ಥಳಾಂತರ ಮಾತ್ರ ಸೊನ್ನೆ, ಉಳಿದ ಎರಡು ಘಟಕಗಳಲ್ಲಿ ಎರಡನೇ ಸಾಲು ಮೊದಲ ಸಾಲಿನಷ್ಟೇ ಚಲಿಸುವಂತೆ ಕಟ್ಟಬೇಕು. ಎರಡನೇ ಸಾಲನ್ನೂ ಸೊನ್ನೆ ಮಾಡಿಬಿಟ್ಟರೆ ಛಾವಣಿಯ ನೆತ್ತಿಯನ್ನೇ ಆಧಾರಕ್ಕೆ ಬಿಗಿದಂತಾಗುತ್ತದೆ. ನೀವು ಹೇಳುವ ಗಟ್ಟಿತನಕ್ಕೆ ಇದೇ ಕಾರಣವಿರಬೇಕು.

ಪೂರ್ತಿ ಛಾವಣಿಯೂ ಗಟ್ಟಿಯಾಗಿದ್ದರೆ ಅದು ಮೆಂಬ್ರೇನ್ ಲಾಕಿಂಗ್. ಬಾಗಿದ ತೆಳು ಶೆಲ್‌ನಲ್ಲಿ ಡಿಗ್ರಿ 2 ಮತ್ತು ದೊಡ್ಡ ಎಲಿಮೆಂಟ್ ಇದ್ದರೆ ಬಾಗುವಿಕೆಯ ಜೊತೆ ಇಲ್ಲದ ಹಿಗ್ಗುವಿಕೆಯೂ ಹುಟ್ಟಿ ಶಕ್ತಿ ನುಂಗುತ್ತದೆ. ಡಿಗ್ರಿ 3 ಅಥವಾ 4 ಮಾಡಿ ನೋಡಿ. ಕೆಲವೇ ಎಲಿಮೆಂಟ್‌ಗಳಲ್ಲಿ ಇಳಿತ ಸರಿಹೋದರೆ ರೋಗ ಅದೇ.

ಪ್ರಶ್ನೆ: ಸ್ಟೆಪ್ ಫೈಲಿನಲ್ಲಿ (ಕ್ಯಾಡ್ ಆಕಾರ ಹಂಚಿಕೊಳ್ಳುವ ಫೈಲ್) ಬರುವ ಕಾರು ಪ್ಯಾನೆಲ್‌ನಲ್ಲಿ ನೂರಾರು ಟ್ರಿಮ್ ಆದ ಮೇಲ್ಮೈಗಳು. ನೇರವಾಗಿ ಐಜಿಎಗೆ ಕೊಟ್ಟರೆ ಸಾಲ್ವರ್ ನಿಲ್ಲುತ್ತದೆ, ಇಲ್ಲವೇ ಮೇಲ್ಮೈಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಅವನ್ನು ಹಿಡಿದಿಡುವ ಪೆನಾಲ್ಟಿ (ಜೋಡಣೆಗೆ ಕೊಡುವ ಕೃತಕ ಗಟ್ಟಿತನ) ಎಷ್ಟಿಡಬೇಕು?
– ಸಿಎಇ ಎಂಜಿನಿಯರ್, ಬೆಂಗಳೂರು

ಉತ್ತರ: ಈ ವಿಧಾನದ ನಿಜವಾದ ಕಷ್ಟ ಇಲ್ಲೇ ಇದೆ. ಪಠ್ಯಪುಸ್ತಕಗಳ ಅಚ್ಚುಕಟ್ಟಾದ ನಾಲ್ಕಂಚಿನ ಪ್ಯಾಚ್ ಕಾರ್ಖಾನೆಯ ಫೈಲಿನಲ್ಲಿ ಸಿಗುವುದಿಲ್ಲ. ಕ್ಯಾಡ್ ದೊಡ್ಡ ಮೇಲ್ಮೈ ಬರೆದು, ಬೇಡದ ಭಾಗವನ್ನು ಟ್ರಿಮ್ ಗೆರೆಯಿಂದ ಮರೆಮಾಡುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಮರೆಯಾದ ಕಂಟ್ರೋಲ್ ಪಾಯಿಂಟ್‌ಗಳೂ ಫೈಲಿನಲ್ಲಿ ಇದ್ದೇ ಇರುತ್ತವೆ.

ಮೇಲ್ಮೈಗಳು ಕೂಡುವ ಗೆರೆಯೂ ನಿಖರವಲ್ಲ. ಎರಡೂ ದಿಕ್ಕಿನಲ್ಲಿ ಡಿಗ್ರಿ 3 ಇರುವ ಎರಡು ಮೇಲ್ಮೈಗಳು ಛೇದಿಸುವ ಗೆರೆಯ ಬೀಜಗಣಿತದ ಡಿಗ್ರಿ 324. ಅದನ್ನು ಯಾವ ಕ್ಯಾಡ್ ಕೂಡ ಹಾಗೆಯೇ ಉಳಿಸಲಾರದು. ಬದಲಿಗೆ ಅಂದಾಜು ಗೆರೆಗಳನ್ನು ಬರೆದಿಡುತ್ತದೆ: ಮೂರು ಆಯಾಮದಲ್ಲಿ ಒಂದು, ಪ್ರತಿ ಮೇಲ್ಮೈಯ ಪ್ಯಾರಾಮೀಟರ್ ತಲದಲ್ಲಿ ಒಂದೊಂದು. ಈ ಮೂರೂ ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಒಳಗೆ ಹೊಂದುತ್ತವೆ, ಒಂದೇ ಆಗಿರುವುದಿಲ್ಲ. ಎಡ ಮೇಲ್ಮೈಯ ಗೆರೆಯಲ್ಲಿ 0.3 ಇರುವ ಬಿಂದು ಬಲ ಮೇಲ್ಮೈಯ ಗೆರೆಯಲ್ಲಿ 0.3ರಲ್ಲೇ ಇರುತ್ತದೆಂದು ನಂಬಿ ಜೋಡಿಸಿದರೆ, ಮಿಲಿಮೀಟರ್‌ಗಟ್ಟಲೆ ದೂರವಿರುವ ಬಿಂದುಗಳನ್ನು ಒಂದಕ್ಕೊಂದು ಕಟ್ಟಿದಂತಾಗುತ್ತದೆ.

ಆದ್ದರಿಂದ ಮಾಡುವ ಕ್ರಮ ಹೀಗಿರಲಿ. ಕ್ಯಾಡ್‌ನಲ್ಲಿಯೇ ಮೇಲ್ಮೈಗಳನ್ನು ಹೊಲಿದು, ತೆರೆದ ಅಂಚುಗಳ ಪಟ್ಟಿ ತೆಗೆಯಿರಿ. ನಿಜವಾದ ಹೊರ ಅಂಚು ಮತ್ತು ರಂಧ್ರಗಳ ಹೊರತು ಬೇರೇನೂ ಅದರಲ್ಲಿ ಇರಬಾರದು. ಟಾಲರೆನ್ಸ್‌ಗಿಂತ ತುಸುವೇ ಅಗಲವಾದ ಸೀಳು ಮೇಲ್ಮೈಗಳನ್ನು ಪಕ್ಕದ್ದರಲ್ಲಿ ಸೇರಿಸಿ. ಆಮೇಲೆ ಪ್ರತಿ ಮೇಲ್ಮೈಗೂ ನಾಟ್ ಸೇರಿಸಿ ಎಲಿಮೆಂಟ್ ಗಾತ್ರ ಸರಿಸುಮಾರು ಸಮ ಮಾಡಿಕೊಳ್ಳಿ. ಕ್ಯಾಡ್ ಕೊಟ್ಟ ನಾಟ್‌ಗಳು ಆಕಾರಕ್ಕೆ ಸಾಕು, ಒತ್ತಡಕ್ಕೆ ಸಾಲವು. ಟ್ರಿಮ್ ಗೆರೆ ಹಾಯುವ ಎಲಿಮೆಂಟ್‌ಗಳಲ್ಲಿ ಉಳಿದ ಭಾಗವನ್ನು ತ್ರಿಕೋನ ಅಥವಾ ಚತುಷ್ಕೋನಗಳಾಗಿ ಒಡೆದು, ಅಲ್ಲಿ ಮಾತ್ರ ಗಾಸ್ ಬಿಂದುಗಳನ್ನಿಡಬೇಕು. ಈ ಒಡೆತ ಲೆಕ್ಕ ಕೂಡಿಸುವುದಕ್ಕಷ್ಟೇ, ಹೊಸ ಅಜ್ಞಾತಗಳು ಹುಟ್ಟುವುದಿಲ್ಲ. ಜೋಡಣೆಯ ಗೆರೆಯ ಮೇಲೆ ಎರಡೂ ಕಡೆಯ ನಾಟ್ ಗೆರೆಗಳು ಕಡಿಯುವ ಬಿಂದುಗಳನ್ನೆಲ್ಲ ಸೇರಿಸಿ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಗಾಸ್ ಬಿಂದುಗಳನ್ನಿಟ್ಟು, ಪ್ರತಿ ಬಿಂದುವನ್ನೂ ಎರಡೂ ಮೇಲ್ಮೈಗಳಿಗೆ ಪ್ರೊಜೆಕ್ಟ್ ಮಾಡಿ ಪ್ಯಾರಾಮೀಟರ್ ಕಂಡುಹಿಡಿಯಿರಿ.

ಪೆನಾಲ್ಟಿಗೆ ಎಲ್ಲ ಮಾಡೆಲ್‌ಗೂ ಒಗ್ಗುವ ಒಂದು ಸಂಖ್ಯೆ ಇಲ್ಲ, ಆದರೆ ಅಳತೆಗೋಲು ಇದೆ. ಸ್ಥಳಾಂತರ ಹಿಡಿಯಲು: ಮಾಡ್ಯುಲಸ್ × ದಪ್ಪ ÷ ಎಲಿಮೆಂಟ್ ಉದ್ದ, ಅದರ 1,000 ಪಟ್ಟು. ತಿರುಗುವಿಕೆ ಹಿಡಿಯಲು: ಬಾಗುವ ಗಟ್ಟಿತನ ÷ ಎಲಿಮೆಂಟ್ ಉದ್ದ, ಅದರ 1,000 ಪಟ್ಟು. 1 ಮಿ.ಮೀ. ಉಕ್ಕಿನ ತಗಡು, 10 ಮಿ.ಮೀ. ಎಲಿಮೆಂಟ್, ಮಾಡ್ಯುಲಸ್ 2,10,000, ಪಾಯ್ಸನ್ ಅನುಪಾತ 0.3 ಎಂದುಕೊಳ್ಳಿ. ಮೊದಲನೆಯದು 21,000 × 1,000 = 2.1 ಕೋಟಿ; ಎರಡನೆಯದು ಸುಮಾರು 1,923 × 1,000 = 19 ಲಕ್ಷ, ನ್ಯೂಟನ್ ಮತ್ತು ಮಿಲಿಮೀಟರ್ ಏಕಮಾನಗಳಲ್ಲಿ. ಎರಡಕ್ಕೂ ಒಂದೇ ದೊಡ್ಡ ಸಂಖ್ಯೆ ಹಾಕುವುದರಿಂದಲೇ ಹೆಚ್ಚಿನ ಮಾಡೆಲ್‌ಗಳು ಕೆಡುತ್ತವೆ. ದಪ್ಪ ಅರ್ಧವಾದರೆ ಮೊದಲನೆಯದು ಅರ್ಧವಾಗುತ್ತದೆ, ಎರಡನೆಯದು ಎಂಟನೇ ಒಂದಾಗುತ್ತದೆ. ಪೆನಾಲ್ಟಿ ಕಡಿಮೆಯಾದರೆ ಅಂಚು ಬಿಟ್ಟುಕೊಳ್ಳುತ್ತದೆ. ಹೆಚ್ಚಾದರೆ ಹೊಂದದ ಎರಡು ಮೆಶ್‌ಗಳು ಗೆರೆಯುದ್ದಕ್ಕೂ ಒಂದೇ ರೀತಿ ಬಾಗಲು ಹೆಣಗಿ, ಅಂಚು ಇಲ್ಲದ ಗಟ್ಟಿತನ ಪಡೆಯುತ್ತದೆ. 10 ಪಟ್ಟು ಹೆಚ್ಚಿಸಿ, 10 ಪಟ್ಟು ಇಳಿಸಿ ಓಡಿಸಿ. ಇಳಿತ ಶೇ 1ಕ್ಕಿಂತ ಕಡಿಮೆ ಬದಲಾದರೆ ಸರಿಯಾದ ಜಾಗದಲ್ಲಿದ್ದೀರಿ. ಎರಡು ಮೇಲ್ಮೈಗಳ ನಡುವೆ ನಿಜವಾಗಿಯೇ ಹಿಂಜ್ ಇದ್ದರೆ ತಿರುಗುವಿಕೆಯ ಪೆನಾಲ್ಟಿ ಬಿಡಿ.

ಸಾಲ್ವರ್ ನಿಲ್ಲುವುದಕ್ಕೆ ಬೇರೆಯದೇ ಕಾರಣ. ಟ್ರಿಮ್ ಗೆರೆ ಎಲಿಮೆಂಟಿನ ಮೂಲೆಯನ್ನು ಸವರಿಕೊಂಡು ಹೋದಾಗ ಕೆಲವು ಕಂಟ್ರೋಲ್ ಪಾಯಿಂಟ್‌ಗಳ ಪ್ರಭಾವಕ್ಷೇತ್ರದಲ್ಲಿ ಎಳ್ಳಿನಷ್ಟು ತಗಡು ಮಾತ್ರ ಉಳಿಯುತ್ತದೆ, ಅವುಗಳ ಸ್ಟಿಫ್‌ನೆಸ್ ಸೊನ್ನೆಯ ಹತ್ತಿರ ಬೀಳುತ್ತದೆ. ಡಿಗ್ರಿ ಹೆಚ್ಚಿದಷ್ಟೂ ಇದು ಕೆಡುತ್ತದೆ. ಪೂರ್ತಿ ಮರೆಯಾದ ಪಾಯಿಂಟ್‌ಗಳನ್ನು ಅಜ್ಞಾತಗಳ ಪಟ್ಟಿಯಿಂದಲೇ ತೆಗೆಯಿರಿ. ಉಳಿದವಕ್ಕೆ ಮೊದಲು ಮ್ಯಾಟ್ರಿಕ್ಸನ್ನು ಅದರ ಕರ್ಣದಿಂದ ಸ್ಕೇಲ್ ಮಾಡಿ ನೋಡಿ. ಅನೇಕ ಸಲ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಹಾಲಿಗ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ದಾರಿ ಹಿಡಿಯಿರಿ: ದುರ್ಬಲ ಬೇಸಿಸನ್ನು ಸ್ವತಂತ್ರವಾಗಿ ಬಿಡದೆ ಒಳಗಿನ ಗಟ್ಟಿ ಬೇಸಿಸ್‌ಗಳ ಜೊತೆ ಕಟ್ಟುವುದು.

ಪ್ರಶ್ನೆ: ಡಿಗ್ರಿ ಹೆಚ್ಚಿಸಿದಷ್ಟೂ ಒಳ್ಳೆಯದೇ? ಕ್ರ್ಯಾಶ್ ಮತ್ತು ಕಂಪನ ಎರಡೂ ನಮ್ಮ ತಂಡದ ಕೆಲಸ.
– ವಾಹನ ಎಂಜಿನಿಯರ್, ಮ್ಯೂನಿಕ್

ಉತ್ತರ: ಶೆಲ್‌ಗಳಿಗೆ 2 ಅಥವಾ 3ರಲ್ಲಿ ನಿಲ್ಲಿಸಿ. 100 × 100 ಎಲಿಮೆಂಟ್, ಡಿಗ್ರಿ 3 ಇರುವ ಸಾಮಾನ್ಯ ಫೈನೈಟ್ ಎಲಿಮೆಂಟ್ ಮೆಶ್‌ನಲ್ಲಿ 301 × 301 = 90,601 ನೋಡ್‌ಗಳು; ಪೂರ್ತಿ ನಯವಾದ ಸ್ಪ್ಲೈನ್‌ನಲ್ಲಿ 103 × 103 = 10,609 ಕಂಟ್ರೋಲ್ ಪಾಯಿಂಟ್‌ಗಳು. ಈ ಲಾಭಕ್ಕೆ ಬೆಲೆಯೂ ಇದೆ. ಪ್ರತಿ ಪಾಯಿಂಟೂ ತನ್ನನ್ನೂ ಸೇರಿಸಿ 49 ಪಾಯಿಂಟ್‌ಗಳ ಜೊತೆ, ಘನವಸ್ತುವಿನಲ್ಲಾದರೆ 343ರ ಜೊತೆ, ಮ್ಯಾಟ್ರಿಕ್ಸ್‌ನಲ್ಲಿ ಬೆಸೆದುಕೊಳ್ಳುತ್ತದೆ. ಅಜ್ಞಾತಗಳ ಸಂಖ್ಯೆ ಒಂದೇ ಇದ್ದಾಗ ಡೈರೆಕ್ಟ್ ಸಾಲ್ವರ್ ತೆಗೆದುಕೊಳ್ಳುವ ಸಮಯ ಡಿಗ್ರಿಯ ಘನದಷ್ಟು, ಅಂದರೆ ಡಿಗ್ರಿ 3ಕ್ಕೆ 27 ಪಟ್ಟಿನವರೆಗೆ, ಹೆಚ್ಚಬಹುದು.

ಡಿಗ್ರಿ ಏರಿಸುವ ಕ್ರಮವೂ ಮುಖ್ಯ. ಮೊದಲು ಡಿಗ್ರಿ ಏರಿಸಿ ಆಮೇಲೆ ನಾಟ್ ಸೇರಿಸಿದರೆ ಎಲಿಮೆಂಟ್‌ಗಳ ನಡುವೆ ಪೂರ್ತಿ ನಯ ಸಿಗುತ್ತದೆ. ಮೊದಲು ನಾಟ್ ಸೇರಿಸಿ ಆಮೇಲೆ ಡಿಗ್ರಿ ಏರಿಸಿದರೆ ಹಳೆಯ ನಯವೇ ಉಳಿದು ಪಾಯಿಂಟ್‌ಗಳ ಸಂಖ್ಯೆ ಉಬ್ಬುತ್ತದೆ. ಕಂಪನದ ಲೆಕ್ಕದಲ್ಲಿ ಫಲ ಸ್ಪಷ್ಟ: ಸಾಮಾನ್ಯ ಉನ್ನತ ಡಿಗ್ರಿ ಎಲಿಮೆಂಟ್‌ಗಳಲ್ಲಿ ಮೇಲಿನ ಆವರ್ತನಗಳು ಸತ್ಯದಿಂದ ಬಹಳ ದೂರ ಹೋಗುತ್ತವೆ, ನಯವಾದ ಸ್ಪ್ಲೈನ್‌ನಲ್ಲಿ ಪಟ್ಟಿಯ ಬಹುಪಾಲು ನಂಬಲು ಯೋಗ್ಯ. ತುತ್ತತುದಿಯ ಕೆಲವೇ ಆವರ್ತನಗಳು ಮಾತ್ರ ಅಂಚಿನ ಬೇಸಿಸ್‌ಗಳಿಂದಾಗಿ ವಿಪರೀತ ಎತ್ತರಕ್ಕೆ ಹೋಗುತ್ತವೆ. ಕಂಪನದ ಲೆಕ್ಕದಲ್ಲಿ ಅವನ್ನು ಬಿಟ್ಟುಬಿಡಬಹುದು. ಕ್ರ್ಯಾಶ್‌ನಲ್ಲಿ ಹಾಗಲ್ಲ, ಟೈಮ್ ಸ್ಟೆಪ್ಪನ್ನು (ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆ) ತೀರ್ಮಾನಿಸುವುದು ಅತಿ ಎತ್ತರದ ಆವರ್ತನವೇ. ಡಿಗ್ರಿ ಏರಿದಂತೆ ಈ ತುದಿ ಆವರ್ತನಗಳೂ ಏರುವುದರಿಂದ ಕ್ರ್ಯಾಶ್‌ಗೆ ಡಿಗ್ರಿ 2 ಸಾಕು.

ಪ್ರಶ್ನೆ: ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಯಾವುದು?
– ಬಿ.ಇ. ವಿದ್ಯಾರ್ಥಿ, ಮಂಗಳೂರು

ಉತ್ತರ: ಕಲಿಯಲು ಜಿಯೋಪಿಡಿಇಸ್, ಆಕ್ಟೇವ್ ಎಂಬ ಉಚಿತ ಗಣಿತ ಸಾಫ್ಟ್‌ವೇರ್‌ನಲ್ಲಿ ಓಡುತ್ತದೆ, ಒಳಗಿನ ಪ್ರತಿ ಹೆಜ್ಜೆ ಓದಲು ಸಿಗುತ್ತದೆ. ಪೈಥಾನ್ ಬಲ್ಲವರಿಗೆ ನ್ಯೂಟಿಲ್ಸ್. ಸಿ++ನಲ್ಲಿ ಜಿ+ಸ್ಮೋ. ದೊಡ್ಡ ಸಮಾಂತರ ಲೆಕ್ಕಗಳಿಗೆ ಪೆಟ್‌ಐಜಿಎ. ಟ್ರಿಮ್ ಆದ ಶೆಲ್‌ಗಳಿಗೆ ಕ್ರಾಟೋಸ್‌ನ ಐಜಿಎ ವಿಭಾಗ ನೋಡಿ. ಉದ್ಯಮದ ಕಡೆ ಎಲ್‌ಎಸ್-ಡೈನಾದಲ್ಲಿ ನರ್ಬ್ಸ್ ಶೆಲ್ ಇದೆ, ಅದಕ್ಕೆ ಲೈಸೆನ್ಸ್ ಬೇಕು.

ಪ್ರಶ್ನೆ: ನಮ್ಮದು ಫೌಂಡ್ರಿ. ಪಂಪ್ ಹೌಸಿಂಗ್‌ನಂಥ ದಪ್ಪ ಎರಕದ ಭಾಗಗಳಿಗೆ ಐಜಿಎ ಉಪಯೋಗವೇ?
– ಕ್ವಾಲಿಟಿ ವಿಭಾಗ, ಶಿವಮೊಗ್ಗ

ಉತ್ತರ: ಈಗಿನ ಸ್ಥಿತಿಯಲ್ಲಿ ಬೇಡ. ಕ್ಯಾಡ್ ಘನವಸ್ತುವನ್ನು ಅದರ ಹೊರಮೈಯಿಂದ ಮಾತ್ರ ವಿವರಿಸುತ್ತದೆ, ಒಳಗೆ ಸ್ಪ್ಲೈನ್ ಇರುವುದಿಲ್ಲ. ಹೊರಮೈಯಿಂದ ಒಳಗಿನ ಸ್ಪ್ಲೈನ್ ಘನವನ್ನು ತಾನಾಗಿ ಕಟ್ಟುವ, ಎಲ್ಲ ಆಕಾರಗಳಿಗೂ ಸಲ್ಲುವ ವಿಧಾನ ಇನ್ನೂ ಸಿದ್ಧವಿಲ್ಲ. ಪೈಪ್, ಟರ್ಬೈನ್ ಬ್ಲೇಡ್‌ನಂಥ ಎಳೆದು ಬೆಳೆಸಿದ ಆಕಾರಗಳಿಗೆ ಸಾಧ್ಯ. ರಿಬ್, ಬಾಸ್, ಒಳಪೊಳ್ಳುಗಳೆಲ್ಲ ಇರುವ ಹೌಸಿಂಗ್‌ಗೆ ವಾರಗಟ್ಟಲೆ ಕೈಕೆಲಸ ಹಿಡಿಯುತ್ತದೆ. 10 ನೋಡ್‌ಗಳ ಟೆಟ್ರಾ (ನಾಲ್ಕು ಮುಖಗಳ) ಎಲಿಮೆಂಟ್‌ಗಳು ನಿಮ್ಮ ಕೆಲಸಕ್ಕೆ ಸರಿಯಾದ ಆಯ್ಕೆ.

ಒಂದು ಕಡೆ ಮಾತ್ರ ಈ ಕುಟುಂಬದ ಇನ್ನೊಂದು ವಿಧಾನ ನಿಮಗೆ ನೇರವಾಗಿ ಸಲ್ಲುತ್ತದೆ. 2007ರಲ್ಲಿ ಪರ್ವಿಜಿಯಾನ್, ಡ್ಯೂಸ್ಟರ್ ಮತ್ತು ರಾಂಕ್ ಮುಂದಿಟ್ಟ ಫೈನೈಟ್ ಸೆಲ್ ವಿಧಾನದಲ್ಲಿ ಭಾಗವನ್ನು ಒಂದು ಸರಳ ಪೆಟ್ಟಿಗೆಯ ಗ್ರಿಡ್‌ನೊಳಗೆ ಇಟ್ಟು, ಪ್ರತಿ ಗಾಸ್ ಬಿಂದು ಲೋಹದಲ್ಲಿದೆಯೇ ಹೊರಗಿದೆಯೇ ಎಂದಷ್ಟೇ ಕೇಳುತ್ತಾರೆ. ಹೊರಗಿದ್ದರೆ ಮಾಡ್ಯುಲಸ್ಸನ್ನು ತೀರಾ ಸಣ್ಣದಾಗಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಟಿ ಸ್ಕ್ಯಾನ್‌ನಿಂದಲೂ ಬರಬಹುದು. ನಿಮ್ಮಲ್ಲಿ ಎರಕದ ಸ್ಕ್ಯಾನ್ ಇದ್ದರೆ ಒಳಗಿನ ಗಾಳಿಗುಳ್ಳೆಗಳನ್ನು ಮೆಶ್ ಮಾಡದೆಯೇ ಲೆಕ್ಕಕ್ಕೆ ತರಬಹುದು. ಗುಳ್ಳೆಯ ವ್ಯಾಸಕ್ಕಿಂತ ಸ್ಕ್ಯಾನ್‌ನ ವೋಕ್ಸೆಲ್ (ಚಿತ್ರದ ಅತಿಚಿಕ್ಕ ಘನಕಣ) ಕನಿಷ್ಠ ನಾಲ್ಕೈದು ಪಟ್ಟು ಚಿಕ್ಕದಿರಲಿ, ಇಲ್ಲವಾದರೆ ಗುಳ್ಳೆಯ ಸುತ್ತಲಿನ ಒತ್ತಡ ಮೆಟ್ಟಿಲು ಅಂಚುಗಳದ್ದಾಗಿರುತ್ತದೆ.